ಲೇಸರ್ ರೋಮನಿವಾರಣೆ: ಮೊದಲ ಸಲಕ್ಕೆ ಚರ್ಮವನ್ನು ಅಣಿಗೊಳಿಸುವ ಬಗೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಬರುವ ತಾಯಂದಿರಲ್ಲಿ ಕೆಲವರು, ಔಷಧ ಬರೆಸಿಕೊಂಡು ಎದ್ದ ಮೇಲೆ, ಬಾಗಿಲ ಬಳಿ ನಿಂತು ಮೆಲ್ಲನೆ ಒಂದು ಪ್ರಶ್ನೆ ಕೇಳುತ್ತಾರೆ. ಮಗಳ ಗಲ್ಲದ ಮೇಲೆ, ತುಟಿಯ ಮೇಲೆ ಕೂದಲು ಬರುತ್ತಿವೆ, ಕಲಬುರಗಿಯಲ್ಲಿ ಲೇಸರ್ ಮಾಡುತ್ತಾರಂತೆ, ಮಾಡಿಸಬಹುದೇ? ನಾಲ್ಕು ದಶಕಗಳ ಹತ್ತಿರ ಆಯುರ್ವೇದ ವೃತ್ತಿಯಲ್ಲಿರುವ ನಾವು ಈ ಪ್ರಶ್ನೆಯನ್ನು ಬಹುಕಾಲ ಹಗುರವಾಗಿ ತೆಗೆದುಕೊಂಡೆವು. ಹಾಗೆ ತೆಗೆದುಕೊಳ್ಳಬಾರದಾಗಿತ್ತು ಎಂಬುದನ್ನು ನಮಗೆ ಕಲಿಸಿದವಳು ಒಬ್ಬ ವಿದ್ಯಾರ್ಥಿನಿ.

ಸೇಡಂ ಸೀಮೆಯ ಆ ಹುಡುಗಿ ಮೊದಲು ಬಂದಾಗ, ಇದು ನಮ್ಮ ಶಾಸ್ತ್ರದ ವಿಷಯವಲ್ಲವೆಂದು ನಕ್ಕು ಕಳುಹಿಸಿದ್ದೆವು. ಮುಂದಿನ ಬೇಸಿಗೆಯಲ್ಲಿ, ಮದುವೆಗೆ ಮೂರು ವಾರಗಳಿರುವಾಗ, ಆಕೆ ಒಂದು ಕಡೆ ಗಲ್ಲಕ್ಕೆ ಲೇಸರ್ ಮಾಡಿಸಿಕೊಂಡಳು. ಅದರ ಹಿಂದಿನ ವಾರವೆಲ್ಲ ಊರ ಜಾತ್ರೆಯ ಬಿಸಿಲಿನಲ್ಲಿ ಓಡಾಡಿದ್ದಳು. ಎರಡು ದಿನ ಮೊದಲು ದಾರದಿಂದ ಕೂದಲು ತೆಗೆಸಿದ್ದಳು. ಆ ದಿನ ಬೆಳಗ್ಗೆ ಕಡಲೆಹಿಟ್ಟು, ಅರಿಶಿನ ಹಚ್ಚಿ ಮುಖ ತೊಳೆದಿದ್ದಳು. ಮೂರನೆಯ ದಿನಕ್ಕೆ ಗಲ್ಲದ ಮೇಲೆ ಸುಟ್ಟ ಹೊಪ್ಪಳೆಗಳೆದ್ದು, ಆಮೇಲೆ ಅವು ಕಪ್ಪು ಕಲೆಗಳಾದವು. ಕೂದಲು ಮಾತ್ರ ಮೊದಲಿನಂತೆಯೇ ಬಂದವು. “ನಮಗ ಯಾರೂ ಏನೂ ಹೇಳಲಿಲ್ರೀ, ಡಾಕ್ಟರ್ ಸಾಹೇಬ್ರ” ಎಂದು ಆ ತಾಯಿ ಕಣ್ಣೀರು ತಂದುಕೊಂಡರು. ಹೇಳದೆ ಇದ್ದವರಲ್ಲಿ ನಾವೂ ಒಬ್ಬರಾಗಿದ್ದೆವು. ಅಂದು ಹೇಳದೆ ಉಳಿದ ಮಾತುಗಳನ್ನು ಈ ಸಂಚಿಕೆಯಲ್ಲಿ ಹೇಳುತ್ತಿದ್ದೇವೆ.

ಶಾಸ್ತ್ರ ಏನು ಹೇಳುತ್ತದೆ?

ಈ ವಿಷಯ ನಮ್ಮ ಆಚಾರ್ಯರಿಗೆ ತಿಳಿಯದ್ದೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಣಿಸಿರುವ ಎಂಟು ಬಗೆಯ ನಿಂದಿತ ಶರೀರಗಳಲ್ಲಿ ‘ಅತಿಲೋಮ’ ಮತ್ತು ‘ಅಲೋಮ’ ಎರಡೂ ಇವೆ. ಆದರೆ ಚರಕರು ಆ ಅಧ್ಯಾಯದಲ್ಲಿ ವಿಸ್ತಾರವಾಗಿ ಚಿಕಿತ್ಸೆ ಹೇಳಿದ್ದು ಅತಿಸ್ಥೂಲ ಮತ್ತು ಅತಿಕೃಶರಿಗೆ ಮಾತ್ರ. ಸುಶ್ರುತರು ವ್ರಣಚಿಕಿತ್ಸೆಯ ಅರವತ್ತು ಉಪಕ್ರಮಗಳಲ್ಲಿ ‘ಲೋಮಾಪಹರಣ’ವನ್ನು ಸೇರಿಸಿದ್ದಾರೆ. ಗಾಯದ ಸುತ್ತ ಕೂದಲಿದ್ದರೆ ಅದು ಮಾಯುವುದಿಲ್ಲವೆಂಬುದು ಅಲ್ಲಿಯ ಕಾರಣ. ಅಲ್ಲಿ ಬರುವ ಯೋಗವೊಂದರಲ್ಲಿ ಶಂಖದ ಪುಡಿಯ ಜೊತೆ ಹರಿತಾಳವಿದೆ. ಹರಿತಾಳವೆಂದರೆ ಪಾಷಾಣದ ಜಾತಿಯ ಖನಿಜ. ಯಾರೂ ಅದನ್ನು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ.

ಸುಶ್ರುತರು ಚರ್ಮಕ್ಕೆ ಏಳು ಪದರಗಳನ್ನು ಹೇಳುತ್ತಾರೆ. ಎಲ್ಲಕ್ಕಿಂತ ಹೊರಗಿನದು ‘ಅವಭಾಸಿನೀ’. ಮೈಬಣ್ಣ ತೋರುವುದು ಅದರಲ್ಲಿ. ಲೇಸರ್ ಚಿಕಿತ್ಸೆಯ ಗುಣವೂ ಅಪಾಯವೂ ಈ ಬಣ್ಣದ ಪದರಕ್ಕೇ ಸಂಬಂಧಿಸಿವೆ.

ಬೆಳಕು ಹುಡುಕುವುದು ಕಪ್ಪನ್ನು

ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ವಸ್ತು ಒಂದೇ. ಅದಕ್ಕೆ ಮೆಲನಿನ್ ಎಂದು ಹೆಸರು. ಲೇಸರ್ ಕಿರಣವು ಚರ್ಮವನ್ನು ಹಾದು, ಕೂದಲಿನ ಮೆಲನಿನ್‌ನಲ್ಲಿ ಹೀರಲ್ಪಟ್ಟು, ಶಾಖವಾಗಿ ಮಾರ್ಪಟ್ಟು ಬೇರನ್ನು ಸುಡುತ್ತದೆ. ಬೇಕಾದ ವಸ್ತುವನ್ನಷ್ಟೇ ಕಾಯಿಸಿ ಸುತ್ತಲಿನದನ್ನು ಉಳಿಸುವ ಈ ತತ್ತ್ವವನ್ನು 1983ರಲ್ಲಿ ಅಮೆರಿಕದ ವೈದ್ಯರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಪ್ರಕಟಿಸಿದರು.

ಬಿಳಿ ಚರ್ಮದ ಮೇಲಿನ ಕರಿ ಕೂದಲನ್ನು ಹುಡುಕುವುದು ಕಿರಣಕ್ಕೆ ಸುಲಭ. ನಮ್ಮ ಚರ್ಮದಲ್ಲಿಯೂ ಮೆಲನಿನ್ ಧಾರಾಳವಾಗಿರುವುದರಿಂದ ಕಿರಣವು ಬೇರನ್ನು ಮುಟ್ಟುವ ಮೊದಲೇ ಮೇಲ್ಪದರದಲ್ಲಿ ಶಾಖವಾಗಬಹುದು. ಬಿಸಿಲಿಗೆ ಕಪ್ಪಾದ ಚರ್ಮದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಹೊಪ್ಪಳೆ ಏಳುವುದು, ಕಲೆ ಉಳಿಯುವುದು, ಕೆಲವೊಮ್ಮೆ ಆ ಭಾಗ ಬೆಳ್ಳಗಾಗುವುದು ಇದೇ ಕಾರಣದಿಂದ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ನಾಡಿನಲ್ಲಿ ಸೂರ್ಯನ ಬಿಸಿಲಷ್ಟೇ ಅಲ್ಲ, ಫರಸಿಕಲ್ಲಿನ ಗಣಿ, ಹಾಸುಗಲ್ಲಿನ ಅಂಗಳಗಳಿಂದ ಮೇಲಕ್ಕೆ ಹೊಳೆಯುವ ಬಿಸಿಲೂ ಮುಖವನ್ನು ಕಪ್ಪಾಗಿಸುತ್ತದೆ.

ಯಂತ್ರಗಳೆಲ್ಲ ಒಂದೇ ಅಲ್ಲ. ಅಲೆಕ್ಸಾಂಡ್ರೈಟ್ ಲೇಸರಿನ ಅಲೆಯುದ್ದ 755 ನ್ಯಾನೋಮೀಟರ್, ಡಯೋಡ್ ಲೇಸರಿನದು ಸಾಮಾನ್ಯವಾಗಿ 800ರಿಂದ 810, ಎನ್‌ಡಿ-ಯಾಗ್ ಲೇಸರಿನದು 1064. ಅಲೆ ಉದ್ದವಾದಷ್ಟೂ ಮೇಲ್ಪದರದ ಬಣ್ಣ ಅದನ್ನು ಹೀರುವುದು ಕಡಿಮೆ. ಆದಕಾರಣ ದಟ್ಟ ವರ್ಣದವರಿಗೆ 1064 ಹೆಚ್ಚು ಸುರಕ್ಷಿತವೆಂದು ಚರ್ಮವೈದ್ಯರು ಎಣಿಸುತ್ತಾರೆ. ಯಾವ ಯಂತ್ರವೆಂದು ಕೇಳುವ ಹಕ್ಕು ನಿಮಗಿದೆ. ಕೇಳಲು ಸಂಕೋಚ ಬೇಡ.

ಮೊದಲು ಕಾರಣ ತಿಳಿಯಿರಿ

ಮೇಲೆ ಹೇಳಿದ ಹುಡುಗಿಯ ಮುಟ್ಟು ಎರಡೆರಡು ತಿಂಗಳಿಗೆ ಒಮ್ಮೆ ಆಗುತ್ತಿತ್ತೆಂಬುದನ್ನು ನಾವು ಮೊದಲ ಭೇಟಿಯಲ್ಲಿ ಕೇಳಿರಲೇ ಇಲ್ಲ. ಬಳಿಕ ಪರೀಕ್ಷಿಸಿದಾಗ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಕಂಡುಬಂತು. ಗಲ್ಲ, ಮೇಲ್ದುಟಿ, ಎದೆ, ಹೊಟ್ಟೆಯ ಮೇಲೆ ಗಂಡಸರಂತೆ ದಪ್ಪ ಕೂದಲು ಬರುತ್ತಿದ್ದು, ಮುಟ್ಟು ತಪ್ಪುತ್ತಿದ್ದರೆ, ತೂಕ ಏರುತ್ತಿದ್ದರೆ, ಮೊಡವೆ ಹೆಚ್ಚಿದ್ದರೆ ಮೊದಲು ಸ್ತ್ರೀರೋಗತಜ್ಞರನ್ನು ಕಾಣಬೇಕು. ಕೆಲವೇ ತಿಂಗಳುಗಳಲ್ಲಿ ಕೂದಲು ಬೇಗ ಬೇಗ ಬೆಳೆದು ಧ್ವನಿಯೂ ಗಡುಸಾದರೆ ಒಂದು ದಿನವೂ ತಡಮಾಡಬಾರದು. ಒಳಗಿನ ಕಾರಣ ಉಳಿದರೆ ಲೇಸರ್ ಮಾಡಿಸಿದ ಜಾಗದಲ್ಲಿ ಮತ್ತೆ ಕೂದಲು ಬರುತ್ತಲೇ ಇರುತ್ತವೆ. ಹಣ ಮಾತ್ರ ಹೋಗುತ್ತದೆ.

ನಾಲ್ಕು ವಾರ ಮುಂಚಿನಿಂದ

1. ಬಿಸಿಲು ತಪ್ಪಿಸಿ. ಹೊರಗೆ ಹೋಗಲೇಬೇಕಾದರೆ ಛತ್ರಿ, ತಲೆಯ ಮೇಲೆ ಸೆರಗು, ತುಂಬುತೋಳಿನ ಹತ್ತಿಯ ಬಟ್ಟೆ ಇರಲಿ. ಮುಖಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗಿರುವಾಗ ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಬೇಕು.

2. ಕೂದಲನ್ನು ಬೇರುಸಹಿತ ಕೀಳಬೇಡಿ. ದಾರ, ವ್ಯಾಕ್ಸ್, ಚಿಮಟ ಯಾವುದೂ ಬೇಡ. ಕಿರಣಕ್ಕೆ ಗುರಿಯಾಗಬೇಕಾದ ಕೂದಲೇ ಬೇರಿನಲ್ಲಿ ಇಲ್ಲದಿದ್ದರೆ ಚಿಕಿತ್ಸೆ ವ್ಯರ್ಥ. ಆ ಹುಡುಗಿಗೆ ಆದದ್ದು ಇದೇ: ಚರ್ಮ ಸುಟ್ಟಿತು, ಬೇರು ಉಳಿಯಿತು.

3. ಈ ಅವಧಿಯಲ್ಲಿ ಕೂದಲು ಕಂಡು ಮುಜುಗರವಾದರೆ ರೇಜರಿನಿಂದ ಬೋಳಿಸಬಹುದು. ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕತ್ತರಿಸಿದ ತುದಿ ಮೊಂಡಾಗಿ ಕೈಗೆ ಒರಟಾಗಿ ತೋರುತ್ತದೆ, ಅಷ್ಟೆ.

4. ಬ್ಲೀಚ್ ಮಾಡಿಸಬೇಡಿ. ಬ್ಲೀಚ್ ಕೂದಲಿನ ಬಣ್ಣವನ್ನು ತೆಗೆಯುತ್ತದೆ. ಬಣ್ಣವಿಲ್ಲದ ಕೂದಲನ್ನು ಲೇಸರ್ ಕಾಣಲಾರದು. ನರೆತ ಕೂದಲಿಗೆ ಲೇಸರ್ ಫಲಿಸದಿರುವುದೂ ಇದೇ ಕಾರಣಕ್ಕೆ.

ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಗಳು

ನುಂಗುವ ಮತ್ತು ಹಚ್ಚುವ ಎಲ್ಲ ಔಷಧಗಳನ್ನೂ ಚರ್ಮವೈದ್ಯರಿಗೆ ತಿಳಿಸಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ಕಾಯಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ರೆಟಿನಾಯ್ಡ್ ಅಥವಾ ಆಮ್ಲಯುಕ್ತ ಮುಲಾಮುಗಳನ್ನು ಸಾಮಾನ್ಯವಾಗಿ ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ.

‘ಆಯುರ್ವೇದದ ಔಷಧ ತಾನೇ, ಅದನ್ನು ಏಕೆ ಹೇಳಬೇಕು’ ಎಂದು ಬಹಳ ಜನ ಸುಮ್ಮನಿರುತ್ತಾರೆ. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ: ಅದನ್ನೇ ಮೊದಲು ಹೇಳಿ. ತೊನ್ನಿಗೆ ಬಳಸುವ ಬಾಕುಚಿಯಲ್ಲಿ ಸೊರಾಲೆನ್ ಎಂಬ ಅಂಶವಿದ್ದು, ಚರ್ಮವು ಬೆಳಕಿಗೆ ಬಲವಾಗಿ ಪ್ರತಿಕ್ರಿಯಿಸುವಂತೆ ಮಾಡುವುದೇ ಅದರ ಗುಣ. ಬಾಕುಚಿ ತೈಲವನ್ನೋ ಚೂರ್ಣವನ್ನೋ ಬಳಸುವವರು ಈ ವಿಷಯ ತಿಳಿಸದೆ ಲೇಸರಿಗೆ ಹೋಗುವುದು ಅಪಾಯಕರ.

ತುಟಿಯ ಸುತ್ತ ಆಗಾಗ ಜ್ವರದ ಗುಳ್ಳೆ ಏಳುವುದು, ಗಾಯ ಮಾಯ್ದ ಮೇಲೆ ಉಬ್ಬಿದ ಕಲೆ ಬೀಳುವುದು, ತೊನ್ನು, ಸಕ್ಕರೆ ಕಾಯಿಲೆ, ಇವುಗಳನ್ನೂ ಹೇಳಬೇಕು. ಗರ್ಭಿಣಿಯರು ಹೆರಿಗೆಯಾಗುವವರೆಗೆ ಮುಂದೂಡುವುದು ಒಳಿತು. ಹಚ್ಚೆ ಹಾಕಿಸಿಕೊಂಡ ಜಾಗದ ಮೇಲೆ ಕಿರಣ ಬೀಳಲೇಕೂಡದು. ಹಚ್ಚೆಯ ಬಣ್ಣ ಕಿರಣವನ್ನು ಹೀರಿ ಚರ್ಮ ಸುಡುತ್ತದೆ. ಮೆಹಂದಿಯ ಬಣ್ಣವೂ ಪೂರ್ತಿ ಮಾಸಿರಬೇಕು.

ಅಂಗೈಯಗಲದ ಜಾಗಕ್ಕೆ ಮೊದಲು ಚಿಕ್ಕ ಪರೀಕ್ಷೆ

ಸರಿಯಾದ ಕಡೆಯಲ್ಲಿ ಮೊದಲ ದಿನವೇ ಇಡೀ ಭಾಗಕ್ಕೆ ಲೇಸರ್ ಹೊಡೆಯುವುದಿಲ್ಲ. ಕಾಣದ ಒಂದು ಸಣ್ಣ ಜಾಗದಲ್ಲಿ ಎರಡು ಮೂರು ಬಾರಿ ಪ್ರಯೋಗಿಸಿ, ಕೆಲವು ದಿನ ಕಾದು ನೋಡುತ್ತಾರೆ. ನಮ್ಮ ಬಣ್ಣದ ಚರ್ಮದಲ್ಲಿ ಕಲೆ ತಡವಾಗಿ ತೋರುವುದುಂಟು. ‘ಇಂದೇ ಹಣ ಕಟ್ಟಿದರೆ ರಿಯಾಯಿತಿ’ ಎಂದು ಆತುರಪಡಿಸುವಲ್ಲಿಂದ ಎದ್ದು ಬರುವುದೇ ಲೇಸು. ಚಿಕಿತ್ಸೆಯನ್ನು ಚರ್ಮರೋಗತಜ್ಞರ ಮೇಲ್ವಿಚಾರಣೆಯಲ್ಲಿಯೇ ಮಾಡಿಸಬೇಕು. ಕಲಬುರಗಿಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಮೊದಲು ಅಲ್ಲಿ ತೋರಿಸಿ ಸಲಹೆ ಪಡೆಯಬಹುದು.

ಹಿಂದಿನ ದಿನ ಮತ್ತು ಆ ದಿನ

ಹಿಂದಿನ ದಿನ ಆ ಭಾಗವನ್ನು ಹೊಸ ಬ್ಲೇಡಿನಿಂದ ನಯವಾಗಿ ಬೋಳಿಸಿ. ಉದ್ದ ಕೂದಲಿದ್ದರೆ ಶಾಖವೆಲ್ಲ ಚರ್ಮದ ಮೇಲೆಯೇ ಉಳಿದು ಸುಡುತ್ತದೆ. ಮುಖ ಬೋಳಿಸಲು ಅಂಜಿಕೆಯಾದರೆ ಅಲ್ಲಿಯೇ ಮಾಡಿಕೊಡುವಂತೆ ಕೇಳಿ.

ಆ ದಿನ ಚರ್ಮದ ಮೇಲೆ ಏನೂ ಇರಬಾರದು. ಎಣ್ಣೆ, ಪೌಡರ್, ಸೆಂಟು, ಸ್ನೋ ಯಾವುದೂ ಬೇಡ. ಅರಿಶಿನವನ್ನು ಹಲವು ದಿನ ಮೊದಲೇ ನಿಲ್ಲಿಸಿರಬೇಕು. ಹಣೆಗೆ ಚಿಕಿತ್ಸೆಯಿದ್ದರೆ ವಿಭೂತಿ, ಕುಂಕುಮಗಳನ್ನು ತೊಳೆದು ಹೋಗಿ, ಚರ್ಮ ಶಾಂತವಾದ ಮೇಲೆ ಮತ್ತೆ ಧರಿಸಿ. ಕಂಕುಳಿಗೋ ಎದೆಯ ಮೇಲ್ಭಾಗಕ್ಕೋ ಚಿಕಿತ್ಸೆಯಿದ್ದರೆ, ಬೆಳ್ಳಿಯ ಕರಡಿಗೆಯನ್ನು ಧರಿಸಿರುವ ವಿಷಯ ಮುಂಚೆಯೇ ತಿಳಿಸಿ, ಬಿಳಿಯ ಬಟ್ಟೆಯಿಂದ ಸುತ್ತಿ ಕಿರಣ ತಾಗದಂತೆ ಇರಿಸಿಕೊಳ್ಳಬೇಕು. ಹೊಳೆಯುವ ಲೋಹ ಕಿರಣವನ್ನು ಪ್ರತಿಫಲಿಸುತ್ತದೆ. ಕೋಣೆಯಲ್ಲಿರುವ ಎಲ್ಲರ ಕಣ್ಣಿಗೂ ರಕ್ಷಣೆಯ ಕನ್ನಡಕ ಇರಲೇಬೇಕು.

ನೋವು ತಿಳಿಯದಿರಲು ಜೋಮು ಹಿಡಿಸುವ ಮುಲಾಮನ್ನು ಮನೆಯಿಂದಲೇ ಕಾಲು ತುಂಬ ಹಚ್ಚಿ, ಪ್ಲಾಸ್ಟಿಕ್ ಸುತ್ತಿಕೊಂಡು ಹೋಗುವ ಸಾಹಸ ಬೇಡ. ಅದರಲ್ಲಿರುವ ಲಿಡೊಕೇನ್ ಅತಿಯಾಗಿ ರಕ್ತ ಸೇರಿದರೆ ಅಪಸ್ಮಾರದಂಥ ಸೆಳವು ಬರಬಹುದು, ಹೃದಯದ ಬಡಿತ ತಪ್ಪಬಹುದು. ವೈದ್ಯರು ಕೊಟ್ಟಷ್ಟನ್ನೇ, ಹೇಳಿದಷ್ಟು ಹೊತ್ತು ಮಾತ್ರ ಹಚ್ಚಬೇಕು.

ಆದ ಮೇಲೆ

ಕೂದಲಿನ ಬುಡದಲ್ಲಿ ಕೆಂಪು, ಸಣ್ಣ ಬಾವು ಒಂದೆರಡು ದಿನ ಇರುವುದು ಸಹಜ. ತಣ್ಣೀರಿನ ಬಟ್ಟೆ ಒತ್ತಿ. ಬಿಸಿನೀರಿನ ಸ್ನಾನ, ಉಜ್ಜುವಿಕೆ, ಅರಿಶಿನ, ನಿಂಬೆರಸ ಬೇಡ. ಒಂದರಿಂದ ಮೂರು ವಾರಗಳಲ್ಲಿ ಕೂದಲು ತಾವೇ ಉದುರುತ್ತವೆ, ಕೀಳಬಾರದು. ಹೊಪ್ಪಳೆ ಎದ್ದರೆ ಮನೆಮದ್ದು ಮಾಡದೆ ಕೂಡಲೇ ಲೇಸರ್ ಮಾಡಿದ ವೈದ್ಯರಲ್ಲಿಗೆ ಮರಳಬೇಕು.

ಮದುವೆಯಿಂದ ಹಿಂದಕ್ಕೆ ಎಣಿಸಿ

ಕೂದಲು ಬೆಳೆಯುವ ಹಂತದಲ್ಲಿದ್ದಾಗ ಮಾತ್ರ ಲೇಸರ್ ಚೆನ್ನಾಗಿ ಫಲಿಸುತ್ತದೆ. ಎಲ್ಲ ಕೂದಲೂ ಒಂದೇ ಕಾಲಕ್ಕೆ ಆ ಹಂತದಲ್ಲಿರುವುದಿಲ್ಲ. ಆದಕಾರಣ ಸಾಮಾನ್ಯವಾಗಿ 6ರಿಂದ 8 ಸಲ, ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಮಾಡಿಸಬೇಕಾಗುತ್ತದೆ. ಆರು ಸಲ, ಆರು ವಾರಗಳ ಅಂತರವೆಂದರೆ 30 ವಾರ; ಅಂದರೆ ಸುಮಾರು ಏಳು ತಿಂಗಳು. ವೈಶಾಖದಲ್ಲಿ ಮದುವೆಯಿದ್ದರೆ ಶ್ರಾವಣದಲ್ಲಿಯೇ ಆರಂಭಿಸಬೇಕು. ಮೋಡ ಕವಿದ ಆ ಕಾಲದಲ್ಲಿ ಬಿಸಿಲಿನಿಂದ ಉಳಿಯುವುದೂ ಸುಲಭ. ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಒಂದು ತಿಂಗಳಿರುವಾಗ ಮೊದಲ ಲೇಸರ್ ಬೇಡವೇ ಬೇಡ. ಇಷ್ಟಾದರೂ ಕೂದಲು ಕಡಿಮೆಯಾಗುತ್ತವೆಯೇ ಹೊರತು ಒಂದೂ ಉಳಿಯದಂತೆ ಹೋಗುವುದಿಲ್ಲ. ಮುಖದ ಮೇಲೆ ಕೆಲವರಿಗೆ ಕೂದಲು ಹೆಚ್ಚುವುದೂ ಉಂಟು.

ತೊಗರಿ ಹೊಲದಲ್ಲಿ ಕಳೆ ಕೀಳುವ, ಗಣಿಯಲ್ಲಿ ಕಲ್ಲು ಹೊರುವ ತಾಯಂದಿರಿಗೆ ಕೂಲಿ ಬಿಟ್ಟು ನೆರಳಿನಲ್ಲಿ ಕುಳಿತುಕೊಳ್ಳಿ ಎಂದು ನಾವು ಹೇಳಲಾರೆವು. ಬಿಸಿಲು ತಪ್ಪಿಸಲಾಗದವರಿಗೆ ರೇಜರೇ ಸಾಕು. ಅದರಲ್ಲಿ ಅಪಮಾನವೇನೂ ಇಲ್ಲ.

ಆ ಹುಡುಗಿಯ ಕಲೆಗಳು ಮಾಸಲು ಆರು ತಿಂಗಳು ಹಿಡಿಯಿತು. ಗಂಡಿನ ಕಡೆಯವರು ಒಳ್ಳೆಯವರು, ಮದುವೆ ನಿಲ್ಲಲಿಲ್ಲ. ಪಿಸಿಓಎಸ್‌ಗೆ ಚಿಕಿತ್ಸೆ ಪಡೆದು, ಮರುವರ್ಷ ಮಳೆಗಾಲದಲ್ಲಿ ಎಲ್ಲ ಸಿದ್ಧತೆಯೊಡನೆ ಲೇಸರ್ ಮಾಡಿಸಿಕೊಂಡಳು. ಈ ಬಾರಿ ಹೋಗುವ ಮುನ್ನ ನಮ್ಮಲ್ಲಿಗೆ ಬಂದಿದ್ದಳು. ನಾವು ನಗಲಿಲ್ಲ, ಒಂದು ಹಾಳೆ ತೆಗೆದುಕೊಂಡು ಮೇಲಿನದೆಲ್ಲವನ್ನೂ ಬರೆದುಕೊಟ್ಟೆವು. ನಿಮ್ಮ ಮನೆಯಲ್ಲಿಯೂ ಮಗಳೋ ಸೊಸೆಯೋ ಹೊರಟಿದ್ದರೆ ಈ ಪುಟವನ್ನು ಕೈಗೆ ಕೊಟ್ಟು ಕಳುಹಿಸಿ.