ಸತ್ತವರ ಟೇಪು, ಬದುಕಿದ್ದವರ ಗಲಾಟೆ

ಫಾಲ್‌ಔಟ್ 76 ಎಂಬ ವಿಡಿಯೊ ಗೇಮ್ ಈಗ ಚೆನ್ನಾಗಿದೆಯಂತೆ. ಅಕ್ಕನ ಮಗ ಹೇಳುತ್ತಾನೆ, ಆಫೀಸಿನ ಹುಡುಗರು ಹೇಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಅಮೆಜಾನ್‌ನಲ್ಲಿ ಫಾಲ್‌ಔಟ್ ಸೀರೀಸ್ ಬಂದ ಮೇಲೆ ಸೇರಿಕೊಂಡವರಂತೂ ನನಗೇ ಪಾಠ ಹೇಳಲು ಬರುತ್ತಾರೆ. ಆಗ ಒಂದೇ ದಿನ ಹತ್ತು ಲಕ್ಷ ಜನ ಆಡಿದರೆಂದು ಆಟ ಮಾಡಿದ ಕಂಪನಿಯೂ ಹೇಳಿಕೊಂಡಿತು. ಆಗಲಿ, ಸಂತೋಷ. ನಾವು ಮಾತ್ರ 2018ರ ನವೆಂಬರ್‌ನಲ್ಲಿ ಪೂರ್ತಿ ದುಡ್ಡು ಕೊಟ್ಟು ಕೊಂಡವರು. ನಮ್ಮ ಕೈಗೆ ಬಂದ ಆಟವೇ ಬೇರೆ. ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಬಗ್‌ಗಳ ಬಗ್ಗೆ ಗೋಳಾಡಲು ಇದನ್ನು ಬರೆಯುತ್ತಿಲ್ಲ. ಈ ಸರಣಿ ಆಡುವವರಿಗೆ ಬಗ್ ಎಂದರೆ ಮಳೆಗಾಲದಲ್ಲಿ ಕರೆಂಟ್ ಹೋದ ಹಾಗೆ, ಯಾರೂ ಅದಕ್ಕಾಗಿ ಊರು ಬಿಡುವುದಿಲ್ಲ. ಗೋಡೆಯೊಳಗೆ ಸಿಕ್ಕಿಕೊಳ್ಳುವುದು, ಸತ್ತ ಪ್ರಾಣಿ ಆಕಾಶಕ್ಕೆ ಹಾರುವುದು, ಎಲ್ಲ ಮಾಮೂಲು. ಅವನ್ನೆಲ್ಲ ಸಹಿಸಿಕೊಂಡೇ ಫಾಲ್‌ಔಟ್ 3, ನ್ಯೂ ವೆಗಾಸ್, ಫಾಲ್‌ಔಟ್ 4 ಮೂರನ್ನೂ ಮತ್ತೆ ಮತ್ತೆ ಆಡಿದ್ದೆವು. ಅಂದಹಾಗೆ 2008ರಲ್ಲಿ ಫಾಲ್‌ಔಟ್ 3ರ ಎಕ್ಸ್‌ಬಾಕ್ಸ್ 360 ಆವೃತ್ತಿಯನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಕೊಟ್ಟ ಕಾರಣ ಸಾಂಸ್ಕೃತಿಕ ಸೂಕ್ಷ್ಮತೆ. ಆಟದಲ್ಲಿ ಎರಡು ತಲೆಯ ಹಸುಗಳಿಗೆ ‘ಬ್ರಾಮಿನ್’ ಎಂಬ ಹೆಸರಿರುವುದೇ ನಿಜವಾದ ಕಾರಣ ಎಂದು ಎಲ್ಲರೂ ಊಹಿಸಿದರು. ಸಾಗರದ ನಮ್ಮ ಗುಂಪಿನಲ್ಲಿ ಎಕ್ಸ್‌ಬಾಕ್ಸ್ ಇದ್ದವರೇ ಇರಲಿಲ್ಲ. ಪಿಸಿಯಲ್ಲಿ ಆಡಿ ಮುಗಿಸಿದೆವು, ಯಾರ ಭಾವನೆಗೂ ಧಕ್ಕೆಯಾಗಲಿಲ್ಲ.

ಆ ಆಟಗಳಲ್ಲಿದ್ದ ರುಚಿ ಒಂಟಿತನದ್ದು. ಅಣುಬಾಂಬ್ ಬಿದ್ದು ಹಾಳಾದ ನಾಡಿನಲ್ಲಿ ಒಬ್ಬನೇ ಅಲೆಯುವುದು, ಎಲ್ಲೋ ಒಂದು ಗುಡಿಸಲಿನಲ್ಲಿ ಒಬ್ಬ ಮುದುಕ ಸಿಗುವುದು, ಅವನ ಜೊತೆ ಮಾತಾಡಿ ನಂಬಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಳ್ಳುವುದು. 2018ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳದಲ್ಲಿ ಆಟದ ಕಂಪನಿಯ ಟಾಡ್ ಹೊವರ್ಡ್ ವೇದಿಕೆ ಹತ್ತಿ, ಈ ಸಲ ನಿಮಗೆ ಎದುರಾಗುವ ಪ್ರತಿ ಮನುಷ್ಯನೂ ನಿಜವಾದ ಆಟಗಾರ ಎಂದಾಗ ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ಒಬ್ಬ ನ್ಯೂಜೆರ್ಸಿಯಲ್ಲಿದ್ದ, ಒಬ್ಬ ಸಾಗರದಲ್ಲೇ ಅಡಿಕೆ ಮಂಡಿ ನೋಡಿಕೊಂಡಿದ್ದ, ನಾನು ಬೆಂಗಳೂರಿನಲ್ಲಿದ್ದೆ. ಶಾಲೆಯ ಗೆಳೆಯರು ಒಂದೆಡೆ ಸೇರಲು ಇನ್ನೇನು ಬೇಕು? ಆ ಮಾತಿನ ಇನ್ನೊಂದು ಮಗ್ಗುಲು ಮಾತ್ರ ಚಪ್ಪಾಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಎದುರಾಗುವವರೆಲ್ಲ ಆಟಗಾರರು ಎಂದರೆ, ಗುಡಿಸಲಿನ ಮುದುಕ ಇರುವುದಿಲ್ಲ ಎಂದೇ ಅರ್ಥ.

ಆಟವನ್ನು ನನಗೆ ತಂದುಕೊಟ್ಟವರು ಭಾವ. ಎಸ್.ಪಿ. ರಸ್ತೆಯಲ್ಲಿ ಅವರಿಗೆ ಗೊತ್ತಿರುವ ಒಂದು ಅಂಗಡಿ. ಪೆಟ್ಟಿಗೆಯಲ್ಲಿ ಡಿಸ್ಕ್ ಇರಲಿಲ್ಲ, ಕೆರೆದು ನೋಡುವ ಕೋಡಿನ ಚೀಟಿ ಅಷ್ಟೇ. ಬಿಲ್ ಎಲ್ಲಿ ಭಾವ ಅಂದೆ. “ನಮ್ಮ ಹುಡುಗನೇ ಕಣೋ, ಬಿಲ್ಲು ಗಿಲ್ಲು ಅಂದ್ರೆ ಬೇಜಾರು ಮಾಡ್ಕೋತಾನೆ. ಜಿಎಸ್‌ಟಿನೂ ಉಳೀತು” ಅಂದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಎಚ್ಚರಿಕೆಯ ಸೂಚನೆ ಮೊದಲೇ ಇತ್ತು. ಬೀಟಾ ಆರಂಭವಾಗುವ ದಿನ ಪಿಸಿಯವರು ಇಳಿಸಿಟ್ಟುಕೊಂಡಿದ್ದ 50 ಜಿಬಿಯನ್ನು ಲಾಂಚರೇ ಅಳಿಸಿಹಾಕಿತೆಂದು ಸುದ್ದಿಯಾಗಿತ್ತು. ನವೆಂಬರ್ 14ಕ್ಕೆ ಆಟ ಬಿಡುಗಡೆಯಾದಾಗ ಅದರ ಹಿಂದೆಯೇ ಪ್ಯಾಚ್ ಬಂತು. ಅದೂ ಸಣ್ಣದಲ್ಲ. ನಮ್ಮ ಏರಿಯಾದ ಬ್ರಾಡ್‌ಬ್ಯಾಂಡಿನಲ್ಲಿ ಎಫ್‌ಯುಪಿ, ಅಂದರೆ ಡೇಟಾ ಮಿತಿ ಮುಗಿದು, ತಿಂಗಳ ಉಳಿದ ದಿನ ಮನೆಯವರಿಗೆ ಯೂಟ್ಯೂಬ್ ಕೂಡ ತಿರುಗುತ್ತ ಕೂತಿತು. ಬೈಸಿಕೊಂಡವನು ನಾನು.

ಮೆಚ್ಚಬೇಕಾದದ್ದನ್ನೂ ಹೇಳಿಬಿಡುತ್ತೇನೆ. ನಾಡು ಚೆನ್ನಾಗಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ, ಅಪಲೇಚಿಯಾ ಬೆಟ್ಟಸಾಲು, ಕಲ್ಲಿದ್ದಲ ಗಣಿಗಳು, ಕೆಂಪು-ಹಳದಿ ಎಲೆಯ ಕಾಡು. ಪಾಯಿಂಟ್ ಪ್ಲೆಸೆಂಟ್ ಊರಿನವರು ಇವತ್ತಿಗೂ ಹೇಳುವ ಮಾತ್‌ಮ್ಯಾನ್ ಎಂಬ ಪತಂಗ-ಮನುಷ್ಯನ ಕತೆ, ನ್ಯೂ ರಿವರ್ ಕಣಿವೆಯ ದೊಡ್ಡ ಕಮಾನು ಸೇತುವೆ, ಮಾರ್ಗನ್‌ಟೌನ್‌ನ ಚಾಲಕರಿಲ್ಲದ ಪುಟ್ಟ ರೈಲು, ಎಲ್ಲವೂ ಇದ್ದವು. ಗ್ರೀನ್‌ಬ್ರಯರ್ ಎಂಬ ನಿಜವಾದ ಹೋಟೆಲಿನ ಅಡಿಯಲ್ಲಿ ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸಂಸತ್ತಿಗಾಗಿ ಗುಟ್ಟಿನ ಬಂಕರ್ ಕಟ್ಟಿದ್ದರು. 1992ರಲ್ಲಿ ಪತ್ರಿಕೆಯೊಂದು ಬಯಲಿಗೆಳೆಯುವ ತನಕ ಅದು ಹೊರಗಿನವರಿಗೆ ಗೊತ್ತಿರಲಿಲ್ಲ. ಆಟದಲ್ಲಿ ಆ ಹೋಟೆಲು ‘ವೈಟ್‌ಸ್ಪ್ರಿಂಗ್’ ಆಗಿದೆ, ಬಂಕರೂ ಇದೆ. ಇಷ್ಟು ಪ್ರೀತಿಯಿಂದ ಕಟ್ಟಿದ ನಾಡಿನಲ್ಲಿ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ. ಎಲ್ಲರೂ ಸತ್ತಿದ್ದರು. ರೋಬಾಟುಗಳಿದ್ದವು, ಹೆಣಗಳಿದ್ದವು, ಹೆಣದ ಪಕ್ಕದಲ್ಲಿ ಸತ್ತವರ ಮಾತು ಹಿಡಿದಿಟ್ಟ ಟೇಪುಗಳಿದ್ದವು.

ಟೇಪಿನ ಕತೆಗಳು ಕಳಪೆ ಎಂದರೆ ಸುಳ್ಳಾಗುತ್ತದೆ. ದರೋಡೆಕೋರರ ನಾಯಕನೊಬ್ಬ ಸೇಡಿಗಾಗಿ ಸಮ್ಮರ್ಸ್‌ವಿಲ್ ಅಣೆಕಟ್ಟನ್ನು ಒಡೆದು ಚಾರ್ಲ್ಸ್‌ಟನ್ ಊರನ್ನೇ ಮುಳುಗಿಸಿದ ಕತೆ ಟೇಪುಗಳಲ್ಲಿ ತುಣುಕು ತುಣುಕಾಗಿ ಸಿಗುತ್ತದೆ. ನಾವು ಶರಾವತಿ ಸೀಮೆಯವರು, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಅಜ್ಜನ ಮನೆ ಕಳೆದುಕೊಂಡವರು. ನನಗೆ ಅದು ನಾಟಿತು. ಆದರೆ ಕೇಳುವುದು ಹೇಗೆ? ಕಿವಿಗೆ ಹೆಡ್‌ಸೆಟ್. ಟೇಪಿನಲ್ಲಿ ಒಬ್ಬಳು ಸಾಯುವ ಮುಂಚೆ ಏನೋ ಹೇಳುತ್ತಿದ್ದಾಳೆ, ಅದರ ಮೇಲೆ ಸಾಗರದವ “ಏ ಮಾರಾಯ, ಗುಂಡು ಖಾಲಿ, ಎಲ್ಲಿ ಸತ್ಯೋ” ಎಂದು ಕೂಗುತ್ತಾನೆ. ನ್ಯೂಜೆರ್ಸಿಯವ ಅನ್ನಕ್ಕೆ ಇಟ್ಟ ಕುಕ್ಕರ್ ವಿಷಲ್ ಹಾಕುತ್ತದೆ. ಆಟವನ್ನು ನಡುವೆ ನಿಲ್ಲಿಸಿಡುವ ಹಾಗಿಲ್ಲ, ಆನ್‌ಲೈನ್ ನೋಡಿ. ಟೇಪು ಕೇಳಲು ಮೌನ ಬೇಕು, ಗೆಳೆಯರೊಡನೆ ಆಡಲು ಗಲಾಟೆ ಬೇಕು. ಎರಡನ್ನೂ ಒಂದೇ ಆಟದಲ್ಲಿ ತುರುಕಿದರು, ಎರಡೂ ಕೆಟ್ಟವು. ನನ್ನ ತಕರಾರು ಇದೇ. ಇದನ್ನು ಪ್ಯಾಚ್ ಹಾಕಿ ರಿಪೇರಿ ಮಾಡಲಾಗುವುದಿಲ್ಲ.

ಜನಜಂಗುಳಿಯಾದರೂ ಇತ್ತೇ ಎಂದರೆ ಅದೂ ಇಲ್ಲ. ಅಷ್ಟು ದೊಡ್ಡ ನಾಡಿಗೆ ಒಂದು ಸರ್ವರಿನಲ್ಲಿ 24 ಜನ. ಗಂಟೆಗಟ್ಟಲೆ ನಡೆದರೂ ಒಬ್ಬ ಅಪರಿಚಿತ ಸಿಗುವುದು ಅಪರೂಪ, ಸಿಕ್ಕರೆ ಕೈ ಬೀಸಿ ಹೋಗುತ್ತಾನೆ. ಹೆಕ್ಕಿದ ಸಾಮಾನು ಇಡುವ ಪೆಟ್ಟಿಗೆಗೆ ಆರಂಭದಲ್ಲಿ 400 ಪೌಂಡ್ ಮಿತಿ ಇತ್ತು. ಹಾಗಾಗಿ ಆಟದ ಅರ್ಧ ಹೊತ್ತು ಗುಜರಿಯವನ ಹಾಗೆ ತಕ್ಕಡಿ ಹಿಡಿದು ಕೂರಬೇಕಿತ್ತು.

ಈಗ ಒಂದು ರಾತ್ರಿಯ ಕತೆಗೆ ಬರುತ್ತೇನೆ. ಡಿಸೆಂಬರ್, ಶನಿವಾರ.

ಈ ಆಟದ ಶಿಖರ ಎಂದರೆ ಅಣ್ವಸ್ತ್ರ ಹಾರಿಸುವುದು. ಅದಕ್ಕೆ ಮೊದಲು ವೈಟ್‌ಸ್ಪ್ರಿಂಗ್ ಬಂಕರಿನ ಮೋಡಸ್ ಎಂಬ ಕಂಪ್ಯೂಟರಿನ ಕೈಕೆಳಗೆ ದುಡಿದು ಜನರಲ್ ಪದವಿ ಗಿಟ್ಟಿಸಬೇಕು. ಆಕಾಶದಲ್ಲಿ ಹೋಗುವ ಸರಕು ರೋಬಾಟನ್ನು ಹೊಡೆದುರುಳಿಸಿ ಕೀಕಾರ್ಡ್ ಪಡೆಯಬೇಕು. ಅಣ್ವಸ್ತ್ರ ಇಟ್ಟಿರುವ ಸೈಲೋದ ಸಂಕೇತದ ತುಣುಕುಗಳನ್ನು ಕೂಡಿಸಿ ಬಿಡಿಸಬೇಕು, ಅದೂ ವಾರಕ್ಕೊಮ್ಮೆ ಬದಲಾಗುತ್ತದೆ. ನಾವು ಇದನ್ನೆಲ್ಲ ನಿದ್ದೆಗೆಟ್ಟು ಮುಗಿಸಿದ್ದೆವು. ಸಾಗರದವ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಕೂತಿದ್ದ. ನನ್ನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ನ್ಯೂಜೆರ್ಸಿಯವನಿಗೆ ಮಧ್ಯಾಹ್ನ, ನಮಗೆ ನಡುರಾತ್ರಿ ದಾಟಿತ್ತು.

ಸೈಲೋದೊಳಗೆ ಇಳಿದೆವು. ಲೇಸರ್ ಬಾಗಿಲು ದಾಟಿದೆವು. ರಿಯಾಕ್ಟರ್ ಕೋಣೆಯಲ್ಲಿ ಒಡೆದ ಪೈಪುಗಳನ್ನು ಒಂದೊಂದೇ ಸರಿಮಾಡಿದೆವು. ಮೇನ್‌ಫ್ರೇಮ್ ಕೋರುಗಳನ್ನು ಪುಡಿಮಾಡುವಾಗ ಮೂಲೆ ಮೂಲೆಯಿಂದ ರೋಬಾಟುಗಳು ನುಗ್ಗಿದವು. ನನ್ನ ಕವಚದ ಬ್ಯಾಟರಿ ಖಾಲಿ, ಸಾಗರದವ ಎರಡು ಸಲ ಸತ್ತು ಎದ್ದ. ಕೊನೆಯ ಕೋಣೆಯಲ್ಲಿ ಉಡಾವಣೆಯ ತಯಾರಿ ಶೇಕಡಾ ಲೆಕ್ಕದಲ್ಲಿ ತೆವಳುತ್ತ ಏರುತ್ತದೆ, ಅಲ್ಲಿಯವರೆಗೂ ಕೆಲಸದ ರೋಬಾಟುಗಳನ್ನು ಕಾಯಬೇಕು. ಮೂವರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತೆವು. ಆಗ ಮಾತ್ರ, ಸುಳ್ಳು ಹೇಳುವುದಿಲ್ಲ, ಈ ಆಟ ಏನಾಗಬಹುದಿತ್ತು ಎಂಬುದು ಕಂಡಿತು. ಶಾಲೆಯ ಹಿಂದಿನ ಗುಡ್ಡದಲ್ಲಿ ಆಡುತ್ತಿದ್ದ ಆ ಮೂವರೇ ಅಲ್ಲಿದ್ದೆವು.

ನೂರಾಯಿತು. ನಾನು ಕೀಕಾರ್ಡ್ ತೂರಿಸಿದೆ. ನ್ಯೂಜೆರ್ಸಿಯವ ಅಂಕಿಗಳನ್ನು ಓದುತ್ತ ಹೋದ, ನಾನು ಒತ್ತುತ್ತ ಹೋದೆ. ಕೊನೆಯ ಅಂಕಿ ಒತ್ತುವಷ್ಟರಲ್ಲಿ ಪರದೆ ಕಲ್ಲಾಯಿತು. ಸರ್ವರ್ ಉತ್ತರಿಸುತ್ತಿಲ್ಲ ಎಂಬ ಸಾಲು ಬಂತು. “ನಿಂದು ನಿಂತಿತಾ?” ಎಂದ ಸಾಗರದವ. “ನಿಂತಿತು.” “ನಂದೂ.” ಯಾರೂ ಅಲುಗಾಡಲಿಲ್ಲ, ಅಲುಗಾಡಿದರೆ ಅದಕ್ಕೇ ಕೆಟ್ಟೀತು ಎಂಬಂತೆ. ಆಮೇಲೆ ಮೂವರನ್ನೂ ಹೊರಗೆ ಎಸೆದು ಮೆನು ತೋರಿಸಿತು. ಮತ್ತೆ ಒಳಹೊಕ್ಕರೆ ಅದು ಬೇರೆ ಸರ್ವರ್. ಸೈಲೋ ಬಾಗಿಲು ಮುಚ್ಚಿತ್ತು, ಪೈಪುಗಳು ಮತ್ತೆ ಒಡೆದಿದ್ದವು, ಕೀಕಾರ್ಡ್ ಇರಲಿಲ್ಲ.

ಆಟ ಬಂದ ಹೊಸತರಲ್ಲಿ ಕೆಲವರು ಮೂರೂ ಸೈಲೋಗಳಿಂದ ಒಟ್ಟಿಗೆ ಹಾರಿಸಿ ಸರ್ವರನ್ನೇ ಮಲಗಿಸಿದ ಸುದ್ದಿ ಓದಿ ನಕ್ಕಿದ್ದೆವು. ನಮ್ಮದು ಒಂದೂ ಹಾರಲಿಲ್ಲ. ಸಾಗರದವ “ಬೆಳಿಗ್ಗೆ ಮಂಡಿಗೆ ಹೋಗಬೇಕು ಕಣೋ” ಎಂದು ಇಟ್ಟ. ಆ ಆಟಕ್ಕೆ ಅವನು ಮತ್ತೆ ಬರಲಿಲ್ಲ.

ಸೋಮವಾರ ಆಟ ವಾಪಸ್ ಕೊಡಲು ಅಂಗಡಿಗೆ ಹೋದೆ. “ಸಾರ್, ಕೆರೆದ ಕೋಡನ್ನ ನಾನು ಯಾರಿಗೆ ಮಾರ್ಲಿ? ಬಿಲ್ ಇದ್ರೆ ತೋರ್ಸಿ, ನೋಡಣ.” ಇಲ್ಲ. ಭಾವನಿಗೆ ಫೋನ್ ಮಾಡಿದರೆ, “ಆಟಕ್ಕೆ ಅಷ್ಟು ದುಡ್ಡು ಹಾಕ್ತಾರೇನೋ ಯಾರಾದ್ರೂ” ಎಂದು ನನಗೇ ಉಪದೇಶ. ಅಷ್ಟರಲ್ಲಾಗಲೇ 60 ಡಾಲರಿನ ಆಟ ಬ್ಲ್ಯಾಕ್ ಫ್ರೈಡೇ ಹೊತ್ತಿಗೆ ಮೂರನೇ ಒಂದು ಪಾಲು ಅಗ್ಗವಾಗಿತ್ತು. 200 ಡಾಲರ್ ಕೊಟ್ಟು ವಿಶೇಷ ಆವೃತ್ತಿ ತೆಗೆದುಕೊಂಡವರ ಪಾಡು ನೋಡಿ ನಾನು ಸಮಾಧಾನಪಟ್ಟುಕೊಂಡೆ: ಕ್ಯಾನ್ವಾಸ್ ಚೀಲ ಎಂದು ಜಾಹೀರಾತು ಹಾಕಿ ನೈಲಾನ್ ಚೀಲ ಕಳಿಸಿದ್ದರು, ಪರಿಹಾರಕ್ಕೆ ಆಟದೊಳಗಿನ 500 ‘ಆಟಮ್’, ಅಂದರೆ ಐದು ಡಾಲರಿನ ಕಾಸು. ಕೂಗಾಟ ಎದ್ದ ಮೇಲಷ್ಟೇ ಕ್ಯಾನ್ವಾಸ್ ಚೀಲ ಮಾಡಿಸಿಕೊಡಲು ಒಪ್ಪಿದರು.

ಆಸ್ಟ್ರೇಲಿಯಾದಲ್ಲಿ ಮಾತ್ರ ಕತೆ ಬೇರೆಯಾಯಿತು. ಅಲ್ಲಿನ ಗ್ರಾಹಕ ಆಯೋಗ ಹಿಡಿದು ಕೂತಿದ್ದರಿಂದ, ಆಟದ ದೋಷದ ಬಗ್ಗೆ ದೂರು ಕೊಟ್ಟ ಅಲ್ಲಿನವರಿಗೆ ಹಣ ಮರಳಿಸಲು ಆಟದ ಕಂಪನಿಯ ಮಾತೃಸಂಸ್ಥೆ 2019ರಲ್ಲಿ ಒಪ್ಪಿತು. ನಾವು ಆಸ್ಟ್ರೇಲಿಯಾದವರಲ್ಲ.

2020ರ ಏಪ್ರಿಲ್‌ನಲ್ಲಿ ‘ವೇಸ್ಟ್‌ಲ್ಯಾಂಡರ್ಸ್’ ಎಂಬ ಅಪ್‌ಡೇಟ್‌ನಲ್ಲಿ ಮನುಷ್ಯರನ್ನು ತಂದು ಕೂರಿಸಿದರು. ಮಾತಾಡುವವರು, ಸುಳ್ಳು ಹೇಳುವವರು, ಬೇಡುವವರು. ಅಂದರೆ ನಾವು ಮೊದಲ ತಿಂಗಳಲ್ಲೇ ಹೇಳಿದ್ದನ್ನು ಒಪ್ಪಿಕೊಂಡಂತಾಯಿತು. ನಮ್ಮ ಮಾತು ಸರಿಯಿತ್ತು ಎನ್ನಲು ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಅಕ್ಕನ ಮಗ ಈಗ ಇನ್ಯಾವುದೋ ಆಟವನ್ನು ಪ್ರೀ-ಆರ್ಡರ್ ಮಾಡಲು ದುಡ್ಡು ಕೇಳುತ್ತಿದ್ದಾನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮೊದಲ ದಿನ ಕೊಳ್ಳಬೇಡಿ, ಆರು ತಿಂಗಳು ಕಾಯಿರಿ. ಒಬ್ಬರೇ ಆಡುವ ಸರಣಿ ಆನ್‌ಲೈನ್ ಆಗುತ್ತಿದ್ದರೆ ಒಂದು ವರ್ಷ ಕಾಯಿರಿ. ಟ್ರೇಲರ್ ಬಿಟ್ಟು, ಬೇರೆಯವರು ಆಡುವ ವಿಡಿಯೊ ನೋಡಿ. ಕೋಡ್ ಕೆರೆಯುವ ಮುಂಚೆ ವಾಪಸಾತಿಯ ನಿಯಮ ಕೇಳಿಕೊಳ್ಳಿ. ತಂದುಕೊಡುವವರು ಭಾವನೇ ಆಗಿರಲಿ, ಬಿಲ್ ಇಲ್ಲದೆ ಪೆಟ್ಟಿಗೆ ಮುಟ್ಟಬೇಡಿ. ಬಿಲ್ ಇದ್ದೂ ಅಂಗಡಿಯವರು ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.