ಮಗುವಿನ ಶ್ರವಣಶಕ್ತಿ: ದಂಪತಿಗಳು ಅರಿತಿರಬೇಕಾದ ಪದಗಳು

ಮುದನಾಳದಂತಹ ನಮ್ಮ ಹಳ್ಳಿಗಳಲ್ಲಿ, ಒಂದೂವರೆ ವರ್ಷ ತುಂಬಿದರೂ ಮಗು 'ಅವ್ವ' ಎನ್ನದಿದ್ದರೆ, "ಅವರಪ್ಪಗೂ ಮಾತು ತಡವಾಗೇ ಬಂದಿತ್ತು, ತಾಟು ಬಿದ್ದರೆ ಕೂಸು ಬೆಚ್ಚುತ್ತದಲ್ಲ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಈ ಸಮಾಧಾನದಲ್ಲಿ ಮಗುವು ಮಾತು ಕಲಿಯುವ ಅಮೂಲ್ಯ ಕಾಲ ಕಳೆದುಹೋಗಬಹುದು. ಆದುದರಿಂದ ಕೆಳಗಿನ ಪದಗಳನ್ನು ಪತಿ-ಪತ್ನಿಯರಿಬ್ಬರೂ ತಿಳಿದುಕೊಳ್ಳಿರಿ.

ಡೆಸಿಬೆಲ್: ಇದು ಶಬ್ದದ ಬಲವನ್ನು ಅಳೆಯುವ ಮಾನ. ಪಿಸುಮಾತು ಸುಮಾರು 30, ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ತಾಟು ಬಿದ್ದ ಸದ್ದು ಇದಕ್ಕಿಂತ ಬಲವಾದುದು. ಆ ಸದ್ದಿಗೆ ಬೆಚ್ಚುವ ಮಗುವಿಗೂ ತಾಯಿಯ ಮಾತು ಕೇಳಿಸದೆ ಇರಬಹುದು.

ಹರ್ಟ್ಸ್: ಒಂದು ಸೆಕೆಂಡಿನಲ್ಲಿ ಉಂಟಾಗುವ ಕಂಪನಗಳ ಸಂಖ್ಯೆ. ಡೊಳ್ಳಿನ ದನಿಯಲ್ಲಿ ಇದು ಕಡಿಮೆ, 'ಸ'ಕಾರದಲ್ಲಿ ಹೆಚ್ಚು. ಡೊಳ್ಳು ಕೇಳಿಸಿ 'ಸ' ಕೇಳಿಸದ ಮಗು ಮಾತನ್ನು ಅರೆಬರೆಯಾಗಿ ಕಲಿಯುತ್ತದೆ.

ವಾಹಕ ದೋಷ: ಗುಗ್ಗೆ, ಕೀವು ಅಥವಾ ತಮಟೆಯ ರಂಧ್ರದಿಂದ ಶಬ್ದವು ಒಳಗಿವಿಗೆ ಸರಿಯಾಗಿ ತಲುಪದಿರುವುದು. ಬಹುಮಟ್ಟಿಗೆ ಇದು ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಸರಿಹೋಗುತ್ತದೆ. ಕಿವಿಗೆ ಕಾಯಿಸಿದ ಎಣ್ಣೆ ಹಾಕಬೇಡಿರಿ, ಕಡ್ಡಿ ಆಡಿಸಬೇಡಿರಿ.

ನರಸಂಬಂಧಿ ದೋಷ: ಒಳಗಿವಿಯ ಸೂಕ್ಷ್ಮ ಕೋಶಗಳಿಗೆ ಅಥವಾ ನರಕ್ಕೆ ಉಂಟಾದ ಹಾನಿ. ಇದು ಸಾಮಾನ್ಯವಾಗಿ ಔಷಧಿಯಿಂದ ಗುಣವಾಗದು. ಶ್ರವಣ ಸಾಧನ, ತೀವ್ರ ದೋಷದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಗೂ ಮಾತಿನ ತರಬೇತಿ ನೆರವಾಗುತ್ತವೆ. ಗರ್ಭಿಣಿಗೆ ತಗಲುವ ರುಬೆಲ್ಲಾ, ಹುಟ್ಟಿದಾಗ ಉಸಿರು ಕಟ್ಟುವುದು, ಶಿಶುವಿನ ತೀವ್ರ ಕಾಮಾಲೆ ಇದಕ್ಕೆ ಕಾರಣವಾಗಬಲ್ಲವು. ಅಕ್ಕನ ಮಗಳು, ಸೋದರತ್ತೆಯ ಮಗಳು ಮುಂತಾದ ರಕ್ತಸಂಬಂಧದ ವಿವಾಹಗಳಲ್ಲಿ ಹುಟ್ಟು ಶ್ರವಣದೋಷದ ಸಂಭವ ಹೆಚ್ಚು. ಇಂತಹ ಆನುವಂಶಿಕ ದೋಷವು ಬಹುತೇಕ ತಂದೆ-ತಾಯಿ ಇಬ್ಬರಿಂದಲೂ ಕೂಡಿಬರುವುದರಿಂದ ಸೊಸೆಯೊಬ್ಬಳನ್ನೇ ದೂಷಿಸುವುದು ಅನ್ಯಾಯ.

ಒ.ಎ.ಇ. ಮತ್ತು ಬೇರಾ: ಇವು ನವಜಾತ ಶಿಶುವಿಗೂ ಮಾಡಬಹುದಾದ, ನೋವಿಲ್ಲದ ಪರೀಕ್ಷೆಗಳು. ಮಗು ಮಲಗಿದ್ದಾಗಲೇ ಮೊದಲನೆಯದು ಒಳಗಿವಿಯ ಸ್ಪಂದನವನ್ನೂ, ಎರಡನೆಯದು ನರದ ಸ್ಪಂದನವನ್ನೂ ತೋರಿಸುತ್ತದೆ.

ಒಂದು ತಿಂಗಳೊಳಗೆ ಪ್ರಾಥಮಿಕ ಪರೀಕ್ಷೆ, ಮೂರು ತಿಂಗಳೊಳಗೆ ದೋಷನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ: ಈ ಲೆಕ್ಕವನ್ನು ನೆನಪಿಡಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನದ ತಪಾಸಣೆಯೂ ಸೇರಿದೆ. ಸಂಶಯ ಬಂದೊಡನೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ, ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಮಗುವನ್ನು ಕರೆತನ್ನಿರಿ. ಪರೀಕ್ಷೆಯಲ್ಲಿ ದೋಷವಿಲ್ಲವೆಂದು ತಿಳಿದರೆ ನಷ್ಟವೇನೂ ಇಲ್ಲ. ತಡಮಾಡಿದರೆ ಕಳೆದ ವರ್ಷಗಳು ಮರಳಿ ಬಾರವು.