ಮನೆ ಬೇರೆಯಾದರೆ ಹೊಲವನ್ನೂ ಸೀಳಬೇಕೆ?

ರಾಯಬಾಗ ತಾಲ್ಲೂಕಿನ ಕುಡಚಿ ಕೃಷ್ಣಾ ನದಿಯ ದಂಡೆಯ ಊರು. ಕಪ್ಪು ಮಣ್ಣು, ಹೊಳೆಯ ನೀರು, ಸುತ್ತಮುತ್ತ ಸಕ್ಕರೆ ಕಾರ್ಖಾನೆಗಳು. ಹೀಗಾಗಿ ಕಬ್ಬು ಈ ಭಾಗದ ಮುಖ್ಯ ಬೆಳೆ. ಆದರೆ ಎಂಥ ಫಲವತ್ತಾದ ಹೊಲವಾದರೂ ತಲೆಮಾರಿಗೊಮ್ಮೆ ಸೀಳುತ್ತ ಹೋದರೆ ಸಂಸಾರವನ್ನು ಸಾಕಲಾರದು. ಜನಸಂಖ್ಯೆ ಹೆಚ್ಚಿದ್ದರಿಂದಲೇ ಹೊಲ ಸಣ್ಣದಾಯಿತೆಂದು ಹೇಳುವುದು ವಾಡಿಕೆ. ಇದು ಅರ್ಧ ಸತ್ಯ ಮಾತ್ರ.

ಅಂಕಿಗಳು ಹೇಳುವುದೇನು?

ಕರ್ನಾಟಕದ ಹಳ್ಳಿಗಳಲ್ಲಿ 1971ರಲ್ಲಿ ಸುಮಾರು 2.22 ಕೋಟಿ ಜನರಿದ್ದರು. 2011ರಲ್ಲಿ ಸುಮಾರು 3.75 ಕೋಟಿ. ಎಂದರೆ 1.7 ಪಟ್ಟು. ಕೃಷಿ ಗಣತಿಯ ಪ್ರಕಾರ ಸಾಗುವಳಿ ಹಿಡುವಳಿಗಳು 1970-71ರಲ್ಲಿ 35.5 ಲಕ್ಷ ಇದ್ದವು, 2010-11ರಲ್ಲಿ 78.3 ಲಕ್ಷವಾದವು. ಇದು 2.2 ಪಟ್ಟು. ಸರಾಸರಿ ಹಿಡುವಳಿ 3.20 ಹೆಕ್ಟೇರಿನಿಂದ 1.55 ಹೆಕ್ಟೇರಿಗೆ ಇಳಿಯಿತು, 2015-16ರಲ್ಲಿ 1.36 ಹೆಕ್ಟೇರ್, ಅಂದರೆ ಸುಮಾರು 3 ಎಕರೆ 14 ಗುಂಟೆ. ಜನರಿಗಿಂತ ಹಿಡುವಳಿಗಳೇ ಬೇಗ ಹೆಚ್ಚಿದವು. ಒಟ್ಟು ಕುಟುಂಬಗಳು ಬೇರೆ ಬೇರೆ ಒಲೆ ಹೂಡಿದುದು ಇದಕ್ಕೆ ಮುಖ್ಯ ಕಾರಣ.

ಕುಟುಂಬ ಬದಲಾದಂತೆ ಜನನವೂ ಬದಲಾಯಿತು

ಎತ್ತಿನ ಬೇಸಾಯದ ಕಾಲದಲ್ಲಿ ಹೆಚ್ಚು ಮಕ್ಕಳೆಂದರೆ ಹೆಚ್ಚು ಕೈಗಳು. ಹೆಣ್ಣುಮಕ್ಕಳಿಗೆ ಬೇಗ ಮದುವೆ. ಹುಟ್ಟಿದ ಮಕ್ಕಳೆಲ್ಲ ಬದುಕುವ ಭರವಸೆಯೂ ಇರಲಿಲ್ಲ. ಪಂಪುಸೆಟ್ಟು, ಟ್ರ್ಯಾಕ್ಟರ್, ಶಾಲೆ, ಆಸ್ಪತ್ರೆಗಳು ಬಂದ ಮೇಲೆ ಲೆಕ್ಕ ಬದಲಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಮಹಿಳೆಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 2.85 ಇದ್ದುದು 2019-21ರಲ್ಲಿ 1.7ಕ್ಕೆ ಇಳಿದಿದೆ. ಆದರೂ ಹೊಲದ ಮೇಲಿನ ಒತ್ತಡ ಕೂಡಲೆ ನಿಲ್ಲದು. ಈಗ ಪಾಲು ಕೇಳುತ್ತಿರುವವರಲ್ಲಿ ಹೆಚ್ಚಿನವರು ದೊಡ್ಡ ಕುಟುಂಬಗಳ ಕಾಲದಲ್ಲಿ ಹುಟ್ಟಿದವರು.

ಬದುಗಳು ನುಂಗುವ ಭೂಮಿ

ಉದಾಹರಣೆಗೆ 660 ಅಡಿ ಉದ್ದ, 1,056 ಅಡಿ ಅಗಲದ 16 ಎಕರೆ ಹೊಲವನ್ನು ತೆಗೆದುಕೊಳ್ಳೋಣ. ನಾಲ್ವರಿಗೆ ಹಂಚಿದರೆ ತಲಾ 4 ಎಕರೆ. ಅವರ ಮೂರು ಮೂರು ಮಕ್ಕಳಿಗೆ ಹಂಚಿದರೆ ತಲಾ 1 ಎಕರೆ 13 ಗುಂಟೆ. ಎಲ್ಲರಿಗೂ ದಾರಿ, ಕಾಲುವೆ ಸಿಗಲೆಂದು ಉದ್ದಕ್ಕೆ ಸೀಳಿದರೆ 88 ಅಡಿ ಅಗಲದ 12 ಪಟ್ಟಿಗಳಾಗುತ್ತವೆ. ನಡುವಿನ 11 ಬದುಗಳು 3 ಅಡಿ ಅಗಲವಿದ್ದರೆ ಅವುಗಳಿಗೇ 20 ಗುಂಟೆ ಹೋಗುತ್ತದೆ. ಅರ್ಧ ಎಕರೆ ಕಬ್ಬು ಬೆಳೆಯುವ ಜಾಗ ಬರಿದೆ ಹೋಯಿತು! ಮೇಲಾಗಿ ಹನ್ನೆರಡು ಪಂಪುಸೆಟ್ಟು, ಹನ್ನೆರಡು ಪೈಪುಲೈನು.

ರೈತರು ಮಾಡಬಹುದಾದುದು

1. ಹಕ್ಕಿನ ಪಾಲು ಬೇರೆ, ಸಾಗುವಳಿ ಬೇರೆ. ಉತಾರದಲ್ಲಿ ಪಾಲು ಸ್ಪಷ್ಟವಾಗಿ ದಾಖಲಾಗಲಿ. ಉಳುಮೆ, ನಾಟಿ, ಕಟಾವು ಒಟ್ಟಾಗಿ ನಡೆಯಲಿ.

2. ಪಂಪುಸೆಟ್ಟು, ದಾರಿ, ನೀರಿನ ಪಾಳಿಯನ್ನು ಪಾಲು ಮಾಡುವ ದಿನವೇ ಬರೆದಿಡಬೇಕು. ಬಾಯಿಮಾತು ಜಗಳಕ್ಕೆ ಮೂಲ.

3. ಹೆಣ್ಣುಮಕ್ಕಳ ಪಾಲನ್ನು ಬಿಡಿಸಿ ಹೊಲ ಉಳಿಸುವುದು ನ್ಯಾಯವಲ್ಲ. 2005ರ ತಿದ್ದುಪಡಿಯಂತೆ ಹಿಂದೂ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಮುಸ್ಲಿಂ ಮನೆತನಗಳಲ್ಲಿ ಪಾಲಿನ ನಿಯಮ ಬೇರೆ. ಹೊಲ ಸೀಳಿದಾಗಿನ ಕಷ್ಟ ಒಂದೇ. ಹೆಣ್ಣುಮಕ್ಕಳ ಭಾಗದ ಉತ್ಪನ್ನವನ್ನು ವರ್ಷ ವರ್ಷ ಲೆಕ್ಕವಿಟ್ಟು ಕೊಡಬೇಕು.

4. ಕಡಿಮೆ ಭೂಮಿಯಲ್ಲಿ ಹೈನುಗಾರಿಕೆ, ತರಕಾರಿಗಳಿಂದ ವರ್ಷವಿಡೀ ಆದಾಯ ಬರುವಂತೆ ಯೋಜಿಸಬೇಕು.

ವಿಸ್ತರಣಾ ಕಾರ್ಯಕರ್ತರು ಬೀಜ, ಗೊಬ್ಬರದ ಸಲಹೆಯೊಂದಿಗೆ ಈ ಮಾತನ್ನೂ ಮನೆ ಮನೆಗೆ ಮುಟ್ಟಿಸಬೇಕು. ಒಲೆಗಳು ಬೇರೆಯಾಗುವುದು ತಪ್ಪದು. ಹೊಲ ಒಂದಾಗಿ ಉಳಿಯುವುದು ಅಣ್ಣತಮ್ಮಂದಿರ, ಅಕ್ಕತಂಗಿಯರ ಕೈಯಲ್ಲಿದೆ.